ಮೂವತ್ತೊಂದು ಕೊಡುತ್ತಿದ್ದ ಗಾಡಿ

ಸರಿಯಾಗಿರುವ ಗಾಡಿಯನ್ನು ಕೆಟ್ಟಿದೆ ಎಂದು ಸುಳ್ಳು ಹೇಳಪ್ಪಾ ಅಂತ ಮೆಕ್ಯಾನಿಕ್‌ಗೆ ಕೈ ಮುಗಿದ ಹೆಂಗಸು ಈ ಊರಿನಲ್ಲಿ ನಾನೊಬ್ಬಳೇ ಇರಬೇಕು. ಬೇಗೂರು ರಸ್ತೆಯ ಪಕ್ಕದ ಗ್ಯಾರೇಜು, ನೆತ್ತಿ ಸುಡುವ ಬಿಸಿಲು. ಅವನು ಸ್ಪ್ಯಾನರ್ ಹಿಡಿದುಕೊಂಡು ನನ್ನ ಮುಖವನ್ನೇ ನೋಡುತ್ತಿದ್ದ. ನನ್ನ ಗಂಡನ ಕೈಯಿಂದ ಆ ಗಾಡಿಯನ್ನು ಬಿಡಿಸಬೇಕಿತ್ತು. ಆದರೆ ಅವರ ಮನಸ್ಸು ಮುರಿಯಬಾರದಿತ್ತು. ಎರಡೂ ಒಟ್ಟಿಗೆ ಆಗುವ ದಾರಿ ನನಗೆ ಬೇರೆ ತೋಚಲಿಲ್ಲ.

ಅದು ಐನೂರು ಸಿಸಿಯ ದೊಡ್ಡ ಬೈಕು. ಪೀಣ್ಯದ ಆಚೆಯ ಸರ್ಕಾರಿ ಫ್ಯಾಕ್ಟರಿಯ ಟೂಲ್ ರೂಮಿನಲ್ಲಿ ದುಡಿದು, ಅಷ್ಟೂ ವರ್ಷ ಕಂಪನಿ ಬಸ್ಸಿನ ಕಿಟಕಿ ಪಕ್ಕ ತೂಕಡಿಸಿಕೊಂಡು ಹೋಗಿಬಂದ ಮನುಷ್ಯ, ರಿಟೈರ್ ಆಗಿ ಬೇಗೂರಿನ ಈ ಮನೆಗೆ ಬಂದ ಮೇಲೆ ಒಂದು ದಿನ ಅದನ್ನು ಗುಡುಗುಡು ಅನ್ನಿಸಿಕೊಂಡು ತಂದು ನಿಲ್ಲಿಸಿದರು. ನಾನು ಬಾಗಿಲಲ್ಲೇ ನಿಂತು ಕೂಗಾಡಿದೆ.

"ಈ ವಯಸ್ಸಲ್ಲಿ ಈ ಎಮ್ಮೆ ಯಾಕ್ರೀ ಬೇಕಿತ್ತು ನಿಮಗೆ?"

"ಎಮ್ಮೆ ಅಲ್ಲ ಕಣೇ. ಎಷ್ಟು ಕೊಡುತ್ತೆ ನೋಡ್ತಾ ಇರು."

ಎಷ್ಟು ಕೊಡುತ್ತೆ. ನಮ್ಮ ಜನಕ್ಕೆ ದೊಡ್ಡ ಗಾಡಿ ಕಂಡರೆ ಬಾಯಲ್ಲಿ ಬರುವ ಮೊದಲ ಪ್ರಶ್ನೆ ಅದೇ. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಪಕ್ಕಕ್ಕೆ ಬಂದು ನಿಂತವನು ಹೆಲ್ಮೆಟ್ಟಿನ ಗಾಜು ಎತ್ತಿ, "ಸಾರ್, ಎಷ್ಟು ಕೊಡುತ್ತೆ?" ಎನ್ನುತ್ತಾನೆ. ಬೇರೆಯವರಾದರೆ ಬಾಯಿಗೆ ಬಂದ ಸಂಖ್ಯೆ ಹೇಳಿ ಮುಂದೆ ಹೋಗುತ್ತಾರೆ. ನಮ್ಮವರು ಹಾಗಲ್ಲ. "ಲೀಟರಿಗೆ ಮೂವತ್ತೊಂದು ಕಿಲೋಮೀಟರ್. ಹೈವೇಲಲ್ಲ, ಇದೇ ರೋಡಲ್ಲಿ. ಸಿಗ್ನಲಲ್ಲಿ ಆಫ್ ಮಾಡ್ಬೇಕು ಮತ್ತೆ, ನೀವು ಮಾಡಿಲ್ಲ ನೋಡಿ." ಹಸಿರು ದೀಪ ಬಂದು, ಹಿಂದಿನವರೆಲ್ಲ ಹಾರ್ನ್ ಒತ್ತಿ ಬಯ್ಯುತ್ತಿದ್ದರೂ ಇವರ ಪಾಠ ಮುಗಿಯುತ್ತಿರಲಿಲ್ಲ. ಹಿಂದೆ ಕೂತ ನಾನು ನಾಚಿಕೆಯಿಂದ ಅವರ ಸೊಂಟಕ್ಕೆ ಚಿವುಟುತ್ತಿದ್ದೆ.

ಆ ಮೂವತ್ತೊಂದನ್ನು ಅವರು ಪಡಬಾರದ ಪಾಡು ಪಟ್ಟು ಕಂಡುಹಿಡಿದಿದ್ದರು. ಯಾವಾಗಲೂ ಒಂದೇ ಬಂಕು, ಒಂದೇ ಪಂಪು. ಗಾಡಿಯನ್ನು ಸೆಂಟರ್ ಸ್ಟ್ಯಾಂಡ್ ಹಾಕಿ ನೆಟ್ಟಗೆ ನಿಲ್ಲಿಸಬೇಕು. ಟ್ಯಾಂಕಿನ ಕುತ್ತಿಗೆಯವರೆಗೆ ಪೆಟ್ರೋಲ್ ಬರಬೇಕು, ಮತ್ತೆ ಅದೇ ಗುರುತಿಗೆ ತುಂಬಿಸಿ ಎಷ್ಟು ಲೀಟರ್ ಹಿಡಿಯಿತು ಎಂದು ನೋಡಬೇಕು. ಸ್ಪೀಡೋಮೀಟರಿನ ಕೇಬಲ್ ಎಂದೋ ತುಂಡಾಗಿತ್ತು. ಅದನ್ನು ಹಾಕಿಸಿರಲಿಲ್ಲ. ಅವರು ಆಗಾಗ ಸಲಹೆ ಹೇಳಲು ಹೋಗುತ್ತಿದ್ದ ಬೊಮ್ಮಸಂದ್ರದ ವರ್ಕ್‌ಶಾಪಿಗೆ ಮನೆಯಿಂದ ಎಷ್ಟು ದೂರ, ದೇವಸ್ಥಾನಕ್ಕೆ ಎಷ್ಟು, ಮಾರ್ಕೆಟ್ಟಿಗೆ ಎಷ್ಟು ಎಂಬುದೆಲ್ಲ ಅವರಿಗೆ ಬಾಯಿಪಾಠ. "ದೂರ ನನಗೆ ಗೊತ್ತಿರುವಾಗ ಮೀಟರ್ ಯಾಕೆ?" ಎನ್ನುತ್ತಿದ್ದರು. ಎಷ್ಟು ಸಲ ಹೋದೆ ಎಂದು ಗುಣಿಸಿ, ಕೂಡಿಸಿ, ಲೀಟರಿನಿಂದ ಭಾಗಿಸಿ, ಬಂಕಿನಲ್ಲೇ ನಿಂತು ಉತ್ತರ ಹೇಳುತ್ತಿದ್ದರು.

ಒಂದು ಸಲ ಇಪ್ಪತ್ತೇಳು ಬಂತು. ಮನೆಗೆ ಬಂದವರೇ ಚಪ್ಪಲಿ ಬಿಡದೆ, "ಮೈಲೇಜ್ ಬಿದ್ದಿದೆ ಕಣೇ" ಅಂದರು. ಯಾರಿಗೋ ಹುಷಾರಿಲ್ಲ ಎನ್ನುವ ಧ್ವನಿ. ನಾನು, ಬಿದ್ದರೆ ಎತ್ತಿಕೊಳ್ಳಿ, ಮೊದಲು ಊಟಕ್ಕೆ ಬನ್ನಿ ಅಂದೆ. ಮುಂದಿನ ಸಲ ಇಪ್ಪತ್ತಮೂರು. ಅದರ ಮುಂದಿನದು ಇನ್ನೂ ಕಡಿಮೆ.

ಯುದ್ಧ ಶುರುವಾಯಿತು. ಮೊದಲು ಬಂಕಿನವರ ಜೊತೆ ಜಗಳ. ಆಮೇಲೆ ಎಥನಾಲ್. ಈಗಿನ ಪೆಟ್ರೋಲಿಗೆ ಅದನ್ನು ಬೆರೆಸುತ್ತಾರೆ, ಅದಕ್ಕೇ ಮೈಲೇಜ್ ಹೋಯಿತು ಎಂದು ಊರಿಗೆ ಊರೇ ಗೊಣಗುತ್ತಿದ್ದ ಕಾಲ. ಹಾಗಾಗಿ ನಮ್ಮವರ ಗೊಣಗಾಟ ಯಾರಿಗೂ ವಿಚಿತ್ರವಾಗಿ ಕಾಣಲಿಲ್ಲ. ನನಗೂ ಕಾಣಲಿಲ್ಲ. ಪ್ಲಗ್ ಬದಲಾಯಿತು, ಏರ್ ಫಿಲ್ಟರ್ ಬದಲಾಯಿತು, ಕಾರ್ಬ್ಯುರೇಟರ್ ಬಿಚ್ಚಿ ತೊಳೆದದ್ದಾಯಿತು. ಟೈರಿಗೆ ಗಾಳಿ ದಿನಾ ನೋಡುತ್ತಿದ್ದರು. ಏನು ಮಾಡಿದರೂ ಸಂಖ್ಯೆ ಇಳಿಯುತ್ತಲೇ ಹೋಯಿತು. ಊಟ ಸೇರುತ್ತಿರಲಿಲ್ಲ. ಮಾತು ಮಾತಿಗೆ ರೇಗುತ್ತಿದ್ದರು. ಒಂದು ಹೊತ್ತಿನಲ್ಲಿ ಆ ಗಾಡಿಗೆ ಬೆಂಕಿ ಹಾಕಬೇಕು ಅನ್ನಿಸಿತ್ತು ನನಗೆ.

ಮೆಕ್ಯಾನಿಕ್ ಬಾಗಲಕೋಟೆ ಕಡೆಯವನು, ಗ್ಯಾರೇಜಿನ ಹಿಂದಿನ ರೂಮಿನಲ್ಲಿ ಸಂಸಾರ ಹೂಡಿದ್ದವನು. ಬೇರೇನೂ ಉಳಿದಿಲ್ಲ ಎಂದಾಗ ಅವನೇ ಸ್ಪೀಡೋಮೀಟರಿಗೆ ಹೊಸ ಕೇಬಲ್ ಹಾಕಿದ. ಒಂದೆರಡು ಟ್ಯಾಂಕ್ ಓಡಿದ ಮೇಲೆ ನಮ್ಮವರು ಅವನ ಹತ್ತಿರ ಹೋಗಿ, "ನಿನ್ನ ಮೀಟರ್ ಜಾಸ್ತಿ ಓಡ್ತಾ ಇದೆ, ಕಿತ್ತುಹಾಕು" ಎಂದು ಎಗರಾಡಿ ಬಂದರಂತೆ. ಆ ಸಂಜೆ ನಾನು ತರಕಾರಿ ತರುವಾಗ ಅವನು ನನ್ನನ್ನು ತಡೆದು ನಿಲ್ಲಿಸಿದ.

"ಅಕ್ಕಾರೆ, ಗಾಡ್ಯಾಗ ಏನೂ ತೊಂದ್ರಿ ಇಲ್ರೀ. ಮೀಟರ್ ಲೆಕ್ಕದಾಗ ನೋಡಿದ್ರ ಮೊದಲಿನಂಗ ಮೂವತ್ತೊಂದ ಕೊಡಾಕತ್ತೈತಿ. ಆದ್ರ ಸಾರ್ ಹೇಳೋ ದೂರಕ್ಕೂ ಮೀಟರಿಗೂ ಹೊಂದವಲ್ದು."

"ಮೀಟರ್ ತಪ್ಪಿರಬಹುದಲ್ಲಪ್ಪ?"

"ನಾನೇ ಓಡಿಸಿ ನೋಡೀನ್ರೀ. ಮೀಟರ್ ಸರಿ ಐತಿ." ಅವನು ನೆಲ ನೋಡಿಕೊಂಡು ಮತ್ತೆ ಹೇಳಿದ. "ಸಾರ್ ಭಾಳ ತಿರುಗಾಡಾಕತ್ತಾರ್ರೀ ಅಕ್ಕಾರೆ. ಎಲ್ಲಿ ಅಂತ ನನಗ ಗೊತ್ತಿಲ್ಲ."

ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವಳು. ದೂರವನ್ನು ಪೆಟ್ರೋಲಿನಿಂದ ಭಾಗಿಸಿದರೆ ಮೈಲೇಜು. ಉತ್ತರ ಕಡಿಮೆ ಬಂದಾಗ ನಾವೆಲ್ಲ ಪೆಟ್ರೋಲನ್ನೇ ಬಯ್ಯುತ್ತಾ ಕೂತಿದ್ದೆವು. ದೂರವನ್ನು ಯಾರೂ ಅನುಮಾನಿಸಿರಲಿಲ್ಲ, ಅದು ಅವರಿಗೆ ಬಾಯಿಪಾಠವಾಗಿತ್ತಲ್ಲ. ಬೊಮ್ಮಸಂದ್ರದಿಂದ ಮನೆಗೆ ಅವರು ಹೇಳುವಷ್ಟು ದೂರ ಇದ್ದದ್ದು ನಿಜ. ಆದರೆ ಅವರು ಅಷ್ಟಕ್ಕೇ ಮನೆ ಸೇರುತ್ತಿರಲಿಲ್ಲ.

ಅಂದಿನಿಂದ ಕಿವಿ ಬೀದಿಯ ಮೇಲೇ ಇರುತ್ತಿತ್ತು. ಐನೂರು ಸಿಸಿಯ ಸದ್ದು ದೂರದಿಂದಲೇ ತಿಳಿಯುತ್ತದೆ. ಮುಖ್ಯರಸ್ತೆಯಿಂದ ನಮ್ಮ ಕ್ರಾಸಿನ ಕಡೆ ಬರುವುದು ಕೇಳುತ್ತಿತ್ತು. ಇನ್ನೇನು ತಿರುಗಿದರು ಎಂದು ಕಾಫಿಗೆ ಹಾಲಿಟ್ಟರೆ, ಸದ್ದು ಕ್ರಾಸನ್ನು ದಾಟಿ ಮುಂದೆ ಹೋಗಿಬಿಡುತ್ತಿತ್ತು. ಸ್ವಲ್ಪ ಹೊತ್ತಿಗೆ ಮತ್ತೆ ಆ ಕಡೆಯಿಂದ ಬಂದು, ಮತ್ತೆ ದಾಟಿ ಹೋಗುತ್ತಿತ್ತು. ಹಾಲು ಉಕ್ಕಿ ಒಲೆಯ ಮೇಲೆಲ್ಲ ಚೆಲ್ಲಿದರೂ ನನಗೆ ಗ್ಯಾಸ್ ಆರಿಸಲು ಕೈ ಬರುತ್ತಿರಲಿಲ್ಲ. ನಮ್ಮ ಮೂಲೆಯಲ್ಲಿದ್ದ ಹಳೆಯ ಹೆಂಚಿನ ಮನೆ ಬಿದ್ದು ಅಪಾರ್ಟ್‌ಮೆಂಟ್ ಎದ್ದಿತ್ತು. ಅಂಥದೇ ಅಪಾರ್ಟ್‌ಮೆಂಟು ಮುಂದಿನ ಮೂಲೆಯಲ್ಲೂ ಇತ್ತು, ಅದರ ಮುಂದಿನದರಲ್ಲೂ ಇತ್ತು. ನನ್ನ ಗಂಡ ತಮ್ಮ ಮನೆಯ ಮುಂದೆಯೇ ತಮ್ಮ ಮನೆ ಹುಡುಕುತ್ತಿದ್ದರು. ಓಡಿಹೋಗಿ ಕೂಗಿ ಕರೆಯೋಣವೆಂದರೆ, ಬೀದಿಯ ಜನದ ಮುಂದೆ ಅವರ ಮರ್ಯಾದೆ ಏನಾಗಬೇಕು?

ಅದಕ್ಕೇ ಮೂಲೆಯ ಹೂವಿನವಳ ಹತ್ತಿರ ಹೋಗಿ ನಿಲ್ಲತೊಡಗಿದೆ. ಎದ್ದು ಕಾಣುವ ಸೀರೆ ಉಟ್ಟುಕೊಳ್ಳುತ್ತಿದ್ದೆ. ನನ್ನನ್ನು ಕಂಡರೆ ನಮ್ಮ ಕ್ರಾಸಿಗೆ ತಿರುಗುತ್ತಿದ್ದರು.

"ಏನೇ ಇಲ್ಲಿ ನಿಂತಿದ್ದೀಯ?"

"ಹೂವು ತಗೊಳ್ಳೋಣ ಅಂತ ಬಂದೆ ಕಣ್ರೀ."

ಮನೆಯ ತುಂಬ ಹೂವಾಯಿತು. ದೇವರ ಪಟಗಳು ಮುಚ್ಚಿಹೋಗುವಷ್ಟು. ನಮಗೆ ಮಕ್ಕಳಿಲ್ಲ, ಹೇಳಿಕೊಳ್ಳಲು ಬೇರೆ ಯಾರೂ ಇರಲಿಲ್ಲ. ಆ ಪಟಗಳ ಮುಂದೆ ಕೂತು ನಾನು ಬೇಡಿಕೊಂಡದ್ದಕ್ಕಿಂತ ಬಯ್ದದ್ದೇ ಹೆಚ್ಚು.

ಒಂದು ಸಂಜೆ ಮೂಲೆಯಲ್ಲಿ ನಿಂತೇ ಇದ್ದೆ. ಹೂವಿನವಳು ಬುಟ್ಟಿ ಕಟ್ಟಿಕೊಂಡು ಹೊರಟರೂ ಆ ಸದ್ದು ಬರಲಿಲ್ಲ. ಫೋನ್ ಮಾಡಿದರೆ ಎತ್ತಲಿಲ್ಲ. ಕೊನೆಗೆ ಅವರದೇ ನಂಬರಿನಿಂದ ಬೇರೆ ಯಾರೋ ಮಾತಾಡಿದರು. "ಅಮ್ಮಾ, ಅತ್ತಿಬೆಲೆ ಟೋಲ್ ಹತ್ರ ನಮ್ಮ ಟೀ ಅಂಗಡಿ. ನಿಮ್ಮ ಯಜಮಾನರ ಗಾಡಿ ಪೆಟ್ರೋಲ್ ಖಾಲಿ ಆಗಿ ನಿಂತದೆ. ಮನೆ ಇಲ್ಲೇ ಪಕ್ಕದಲ್ಲಿ ಅಂತಾವ್ರೆ, ಬೇಗೂರು ಅಂತಾವ್ರೆ. ನಮಗೆ ಏನೂ ಗೊತ್ತಾಗ್ತಾ ಇಲ್ಲ, ಬೇಗ ಬನ್ನಿ."

ಬೊಮ್ಮಸಂದ್ರದಿಂದ ಮನೆಗೆ ಎಂದು ಹೊರಟವರು ಹೊಸೂರು ರಸ್ತೆಯಲ್ಲಿ ಉಲ್ಟಾ ದಿಕ್ಕಿಗೆ ತಿರುಗಿ, ಚಂದಾಪುರ ದಾಟಿ, ತಮಿಳುನಾಡಿನ ಗಡಿಯವರೆಗೂ ಹೋಗಿದ್ದರು. ಆಟೋದಲ್ಲಿ ಕೂತು ಆ ರಸ್ತೆಯುದ್ದಕ್ಕೂ ಲಾರಿಗಳನ್ನು ನೋಡುತ್ತಾ ಹೋದೆ. ಒಂದೊಂದು ಲಾರಿ ಪಕ್ಕದಲ್ಲಿ ಹಾದಾಗಲೂ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಇವುಗಳ ನಡುವೆ ದಾರಿ ತಪ್ಪಿದ ನನ್ನ ಗಂಡ ಗಾಡಿ ಓಡಿಸಿಕೊಂಡು ಹೋಗಿದ್ದಾರೆ, ಇಷ್ಟು ದಿನ ಹೀಗೇ ಓಡಿಸಿದ್ದಾರೆ, ನಾನು ಹೂವು ಕೊಳ್ಳುತ್ತಾ ನಿಂತಿದ್ದೆ ಎಂದು ಎದೆ ಬಡಿದುಕೊಳ್ಳುವಂತಾಯಿತು.

ಟೀ ಅಂಗಡಿಯ ಬೆಂಚಿನ ಮೇಲೆ ಹೆಲ್ಮೆಟ್ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಕಾಲರಿನವರೆಗೂ ಬೆವರು. ನನ್ನನ್ನು ಕಂಡವರೇ ಎದ್ದು ನಿಂತರು.

"ಹತ್ತಕ್ಕೆ ಬಂದ್ಬಿಟ್ಟಿದೆ ಕಣೇ ಇದರ ಮೈಲೇಜು. ಇಲ್ಲಿಂದಿಲ್ಲಿಗೆ ಬರೋವಷ್ಟರಲ್ಲಿ ಟ್ಯಾಂಕೇ ಖಾಲಿ. ಗಾಡಿ ಕೆಟ್ಟೋಗಿದೆ. ಅಲ್ವಾ?"

ಆ 'ಅಲ್ವಾ'ದಲ್ಲಿದ್ದ ಬೇಡಿಕೆಯನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. "ಹೂಂ ಕಣ್ರೀ, ಕೆಟ್ಟಿದೆ. ದರಿದ್ರದ ಗಾಡಿ" ಅಂದೆ. ಅವರ ಮುಖ ಸ್ವಲ್ಪ ಸಡಿಲವಾಯಿತು. ಗಾಡಿಯನ್ನು ಅಲ್ಲೇ ಬಿಟ್ಟು ಅದೇ ಆಟೋದಲ್ಲಿ ಅವರನ್ನು ಕರೆತಂದೆ, ಮರುದಿನ ಮೆಕ್ಯಾನಿಕ್ ಹೋಗಿ ಗಾಡಿ ತಂದು ಮನೆ ಮುಂದೆ ನಿಲ್ಲಿಸಿದ.

ನನಗೆ ತಲೆಸುತ್ತು ಎಂದು ನೆಪ ಹೇಳಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಬಂದದ್ದು ಬಂದಿರಿ, ನೀವೂ ತೋರಿಸಿಕೊಳ್ಳಿ ಎಂದು ಪುಸಲಾಯಿಸಿದೆ. ಪರೀಕ್ಷೆಗಳೆಲ್ಲ ಮುಗಿದ ಮೇಲೆ ಡಾಕ್ಟರು ಅವರನ್ನು ಹೊರಗೆ ಕೂರಿಸಿ ನನಗೆ ಮಾತ್ರ ಹೇಳಿದರು. ಮರೆವಿನ ಕಾಯಿಲೆ, ಹಿಂದಕ್ಕೆ ತಿರುಗುವುದಿಲ್ಲ, ನಿಧಾನ ಮಾಡಬಹುದು ಅಷ್ಟೆ. ಗಾಡಿ ಮಾತ್ರ ಇವತ್ತೇ ನಿಲ್ಲಿಸಿ. ಅವರಿಗೆ ನಾನು, ನರಕ್ಕೆ ಶಕ್ತಿ ಸಾಲದಂತೆ, ಮಾತ್ರೆ ಕೊಟ್ಟಿದ್ದಾರೆ ಅಂದೆ. ತಲೆಯಾಡಿಸಿ, ಮಾತ್ರೆಯ ಚೀಟಿಯನ್ನು ಜೇಬಿಗಿಟ್ಟುಕೊಂಡರು.

ಆಮೇಲೆಯೇ ನಾನು ಆ ಬಿಸಿಲಿನಲ್ಲಿ ಗ್ಯಾರೇಜಿಗೆ ಹೋಗಿ ಕೈ ಮುಗಿದದ್ದು.

"ಸಾರ್ ಮುಂದ ಸುಳ್ಳು ಹ್ಯಾಂಗ ಹೇಳ್ಲಿ ಅಕ್ಕಾರೆ? ಸದ್ದು ಕೇಳಿದ್ರ ಸಾಕು, ಅವರಿಗೆ ಎಲ್ಲಾ ಗೊತ್ತಾಕ್ಕೈತಿ."

"ಸ್ಟಾರ್ಟ್ ಆದರೆ ತಾನೇ ಸದ್ದು? ಕಾರ್ಬ್ಯುರೇಟರ್ ಬಿಚ್ಚಿ ಎತ್ತಿಡು. ಸವೆದಿದೆ, ಪಾರ್ಟ್ ಎಲ್ಲೂ ಸಿಗ್ತಿಲ್ಲ, ಚೆನ್ನೈಯಿಂದ ಬರಬೇಕು ಅನ್ನು. ನಾಳೆ ಅವರಿಗೆ ಏನಾದರೂ ಆದರೆ ನಾನು ಯಾರ ಮುಖ ನೋಡಲಪ್ಪಾ?"

ಅವನು ಸ್ಪ್ಯಾನರ್ ಕೆಳಗಿಟ್ಟು, ಆಗಲಿ ಅಂದ.

ಹಾಗೆ ಗಾಡಿ ಗ್ಯಾರೇಜು ಸೇರಿತು. ಜಗಳವಾಗುತ್ತದೆ ಎಂದು ಕಾದಿದ್ದೆ, ಆಗಲಿಲ್ಲ. ಬೊಮ್ಮಸಂದ್ರಕ್ಕೆ ಹೋಗುವುದನ್ನೂ ಬಿಟ್ಟರು. ದಿನಾ ಸಂಜೆ ಗ್ಯಾರೇಜಿನವರೆಗೆ ನಡೆದುಹೋಗಿ, ಸ್ಟ್ಯಾಂಡ್ ಹಾಕಿದ ಗಾಡಿಯ ಮೇಲೆ ಸ್ವಲ್ಪ ಹೊತ್ತು ಕೂತು ಬರುತ್ತಿದ್ದರು. ನಮ್ಮ ಮೂಲೆಯಿಂದ ನೇರ ರಸ್ತೆ, ನಿಂತರೆ ಗ್ಯಾರೇಜಿನ ಬೋರ್ಡು ಕಾಣುತ್ತದೆ. ನಾನು ಹೂವಿನವಳ ಪಕ್ಕದಲ್ಲಿ ನಿಂತು ಅವರು ಹೋಗುವುದನ್ನೂ ಬರುವುದನ್ನೂ ಕಾಯುತ್ತಿದ್ದೆ.

ಒಮ್ಮೆ ಕನ್ನಡಕ ಮರೆತು ಹೋಗಿದ್ದರು. ಕೊಟ್ಟು ಬರೋಣವೆಂದು ಹಿಂದೆಯೇ ಹೋದೆ. ಗ್ಯಾರೇಜಿನ ಮುಂದೆ ಹಳೆಯ ಟೈರುಗಳನ್ನು ಪೇರಿಸಿಟ್ಟಿದ್ದರು. ಅವುಗಳ ಆಚೆಯಿಂದ ನಮ್ಮವರ ಮಾತು ಕೇಳಿಸಿತು.

"ಪಾರ್ಟ್ ಬಂದ್ರೂ ಹಾಕ್ಬೇಡಪ್ಪ."

"ಯಾಕ್ರೀ ಸಾರ್?"

"ಗಾಡಿ ಸರಿಯಾಗೇ ಇದೆ. ಮೂವತ್ತೊಂದು ಕೊಡ್ತಿತ್ತು, ಈಗ್ಲೂ ಕೊಡುತ್ತೆ. ನಿನಗೂ ಗೊತ್ತು ಅದು." ಧ್ವನಿ ತಗ್ಗಿಸಿದರು. "ನನಗೆ ಮನೆ ಸಿಗ್ತಿರ್ಲಿಲ್ಲ ಮಾರಾಯ. ಪಾಪ, ಅವಳು ಹೂವಿಗೆ ಅಂತ ದಿನಾ ಮೂಲೇಲಿ ನಿಂತಿರ್ತಿದ್ದಳು. ಅವಳನ್ನ ನೋಡೇ ನಾನು ತಿರುಗ್ತಿದ್ದದ್ದು. ಅದು ಅವಳಿಗೆ ಗೊತ್ತಿಲ್ಲ. ಗಾಡಿ ಕೆಟ್ಟಿದೆ ಅಂತಾನೇ ಅಂದ್ಕೊಂಡಿದ್ದಾಳೆ. ಹಂಗೇ ಇರ್ಲಿ. ಗೊತ್ತಾದ್ರೆ ಹೆದರ್ಕೋತಾಳೆ."

ನಾನು ಬಾಯಿಗೆ ಸೆರಗು ಒತ್ತಿಕೊಂಡು, ಕನ್ನಡಕವನ್ನು ಕೈಯಲ್ಲೇ ಹಿಡಿದು, ಬಂದ ದಾರಿಯಲ್ಲೇ ವಾಪಸು ಹೊರಟೆ. ರಸ್ತೆಯಲ್ಲಿ ಅಳುವುದಕ್ಕೂ ಆಗಲಿಲ್ಲ. ಮೂಲೆಗೆ ಬಂದು ಹೂವಿನವಳ ಪಕ್ಕ ನಿಂತು ಮುಖ ಒರೆಸಿಕೊಂಡೆ.

ಸ್ವಲ್ಪ ಹೊತ್ತಿಗೆ ಅವರು ಬಂದರು. ಮುಂದಿನ ಕ್ರಾಸಿನ ಕಡೆ ಒಮ್ಮೆ ನೋಡಿ, ಆಮೇಲೆ ನನ್ನನ್ನು ನೋಡಿ, ಹತ್ತಿರ ಬಂದು ನಿಂತರು.

"ಪಾರ್ಟ್ ಬಂತಂತಾ?" ಅಂದೆ.

"ಇನ್ನೂ ಇಲ್ವಂತೆ. ಚೆನ್ನೈಯಿಂದ ಬರ್ಬೇಕಲ್ಲ, ಲೇಟ್ ಆಗುತ್ತೆ." ನನ್ನ ಖಾಲಿ ಕೈ ನೋಡಿದರು. "ಹೂವು ತಗೊಂಡಿಲ್ವಾ?"

"ಇಲ್ಲ, ಈಗ ಬಂದೆ."

"ತಗೋ ನಿಧಾನವಾಗಿ. ನಾನು ನಿಂತಿರ್ತೀನಿ."

ಎರಡು ಮೊಳ ಮಲ್ಲಿಗೆ ತೆಗೆದುಕೊಂಡೆ. ಆಮೇಲೆ ಅವರು ನನ್ನ ಹಿಂದೆ ಹಿಂದೆಯೇ ಮನೆಗೆ ಬಂದರು.