ಗಂಗವ್ವನ ಬೆನ್ನಿನ ಜಾಜು

ಆಗೆಲ್ಲ ಗಡಿಯಾಚೆಯ ತುರೋರಿಯ ನಮ್ಮ ಶಾಲೆಗೆ ಮಧ್ಯಾಹ್ನವೆಂದರೆ ಅರ್ಧ ನಿದ್ದೆ. ಹೊರಗೆ ಹೆದ್ದಾರಿಯ ಲಾರಿಗಳ ಗುಂಯ್ ಸದ್ದು. ಒಳಗೆ ನನ್ನ ಚೀಲದಿಂದ ಕಂಬಳಿಯ ವಾಸನೆ, ಗಂಗವ್ವನ ಡಬ್ಬಿಯಿಂದ ಶೇಂಗಾ ಹಿಂಡಿಯ ವಾಸನೆ. ನಾನು ಕುರಿ ಸಾಕುವವರ ಮಗಳು. ಅವಳಪ್ಪ ಆಳಂದದ ಕಡೆಯಿಂದ ಬಂದು ಚಹಾದಂಗಡಿ ಇಟ್ಟಿದ್ದ. ಏಳನೆಯ ತರಗತಿಯಲ್ಲಿ ಕನ್ನಡ ಬಲ್ಲವರು ನಾವಿಬ್ಬರೇ. ಎಲ್ಲರ ಮರಾಠಿಯ ನಡುವೆ ನಮ್ಮ ಪಿಸುಮಾತು ನಮಗೊಂದು ಪುಟ್ಟ ಮನೆಯಾಗಿತ್ತು.

ಆ ಚಳಿಗಾಲ ಗುರುಗಳು ಗುಲಾಮರ ಪಾಠ ಮಾಡಿದರು. ಮನುಷ್ಯರನ್ನು ಹಡಗಿನಲ್ಲಿ ತುಂಬಿ ತಂದು ಮಾರುತ್ತಿದ್ದರಂತೆ. ತಪ್ಪಿಸಿಕೊಂಡವರು ಊರೂರು ತಿರುಗಿ ಭಾಷಣ ಮಾಡಿ ಜನರ ಮನಸ್ಸು ಕಲಕಿದರಂತೆ. ನಾಳೆ ಇದನ್ನು ಆಡಿ ತೋರಿಸಿ ಎಂದರು. ಗುಲಾಮ ಹೆಂಗಸಿನ ಭಾಷಣ ಗಂಗವ್ವನಿಗೆ. ಅವಳು ಎರಡು ಪುಟ ಬಾಯಿಪಾಠ ಮಾಡಿಕೊಂಡು ಬಂದಳು. ನಾನು ಕೊಳ್ಳುವವಳು. ನನಗೆಂಥ ಬಾಯಿಪಾಠ? ಅಜ್ಜನ ಜೊತೆ ಲೋಹಾರಾದ ಕುರಿಸಂತೆ ನೋಡಿದವಳು ನಾನು!

ಅದೇನು ಹುಮ್ಮಸ್ಸು ಬಂತೋ! ಅವಳ ಗದ್ದ ಹಿಡಿದು ಬಾಯಿ ತೆರೆಸಿದೆ, ಕುರಿಯ ವಯಸ್ಸು ನೋಡುವಂತೆ ಹಲ್ಲು ಎಣಿಸಿದೆ, ಬೆನ್ನು ಹಿಚುಕಿ ನೋಡಿದೆ. “ಎರಡು ಹಲ್ಲಿನದು, ಚೊಕ್ಕ ಮಾಲು!” ಎಂದು ಮರಾಠಿಯಲ್ಲಿ ಕೂಗಿದೆ. ತರಗತಿ ಬಿದ್ದು ಬಿದ್ದು ನಕ್ಕಿತು. ಆ ನಗು ನನ್ನ ತಲೆಗೇರಿತು. ಕೊಂಡ ಕುರಿಯ ಬೆನ್ನಿಗೆ ನಮ್ಮವರು ಜಾಜು, ಅಂದರೆ ಕೆಮ್ಮಣ್ಣು, ಬಳಿದು ಗುರುತು ಮಾಡುತ್ತಾರೆ. ಡಬ್ಬಿಯಲ್ಲಿ ಕಲಸಿ ತಂದಿದ್ದೆ. ಅಂಗೈಗೆ ಬಳಿದುಕೊಂಡು ಅವಳ ಬಿಳಿ ಅಂಗಿಯ ಬೆನ್ನಿಗೆ ಒತ್ತಿಬಿಟ್ಟೆ.

“ಈಗ ಭಾಷಣ,” ಎಂದರು ಗುರುಗಳು.

ಗಂಗವ್ವನ ಬಾಯಿಂದ ಎರಡು ಪುಟದ ಒಂದಕ್ಷರವೂ ಹೊರಡಲಿಲ್ಲ. ನನ್ನತ್ತ ತಿರುಗಿ ಕನ್ನಡದಲ್ಲೇ ಹೇಳಿದಳು: “ಹಲ್ಲ ಎಣಿಸಿದಿ. ಹೆಸರ ಏನಂತ ಕೇಳಲೇ ಇಲ್ಲಲ್ಲ ನೀ.”

ಯಾರಿಗೂ ತಿಳಿಯಲಿಲ್ಲ. “ಏನಂದಳು?” ಎಂದು ಗುರುಗಳು ನನ್ನನ್ನೇ ಕೇಳಿದರು.

“ಏನೂ ಇಲ್ಲ, ಸರ್,” ಎಂದೆ. ನಾಚಿಕೆಗೇಡಿ ನಾನು.

ಮನೆಯಲ್ಲಿ ಅಜ್ಜಿ ನನ್ನ ಅಂಗೈ ನೋಡಿ ಎಲ್ಲ ಬಾಯಿ ಬಿಡಿಸಿದಳು. “ಏ ಹುಚ್ಚಿ, ನಾವು ಕುರಿಗಿ ಸುದ್ದಾ ಹೆಸರಿಟ್ಟು ಕರೀತೀವಿ. ಗೆಳತಿಗಿ ಜಾಜ ಹಚ್ಚಿ ಬಂದೀಯಲ್ಲ!”

ಮರುದಿನ ಓಡಿಹೋಗಿ, “ತಪ್ಪಾತ ಗಂಗವ್ವಾ,” ಎಂದೆ. ಅವಳ ಬೆನ್ನ ಮೇಲೆ ನನ್ನ ಐದು ಬೆರಳು ತೊಳೆದರೂ ಹೋಗದೆ ಮಸುಕಾಗಿ ಉಳಿದಿದ್ದವು.

“ಠೀಕ್ ಆಹೇ,” ಎಂದಳು, ಮರಾಠಿಯಲ್ಲಿ. ಶಾಲೆ ಮುಗಿಯುವ ತನಕ ನನ್ನೊಂದಿಗೆ ಕನ್ನಡ ಆಡಲೇ ಇಲ್ಲ.

ಈಗ ಉದಗೀರಿನ ಶಾಲೆಯಲ್ಲಿ ನಾನೇ ಆ ಪಾಠ ಹೇಳುತ್ತೇನೆ. ಗಂಗವ್ವ ಎಲ್ಲಿದ್ದಾಳೋ ಗೊತ್ತಿಲ್ಲ. ಅವಳ ಆ ಒಂದು ಮಾತನ್ನು ಪ್ರತಿ ವರ್ಷ ಮಕ್ಕಳಿಗೆ ಮರಾಠಿಯಲ್ಲಿ ತಿಳಿಸುತ್ತೇನೆ. ಆಮೇಲೆ ಡಬ್ಬಿ ಬಿಚ್ಚಿ ಕೂತಾಗ, ಪಕ್ಕದಲ್ಲಿ ಕನ್ನಡದಲ್ಲಿ ಪಿಸುಗುಡುವವರು ಯಾರೂ ಇರುವುದಿಲ್ಲ.