ಗೋವಿನಜೋಳದ ದಂಟು, ಎಲೆತೋಟದ ಬಾವಿ

‘ಇದು ಆಗುವ ಮಾತಲ್ಲ’ ಎಂದು ಎರಡು ಸಲ ಹೇಳಿದವರು ನನ್ನ ಸೋದರಮಾವ ಬಸಪ್ಪ. ಮೊದಲ ಸಲ, ಮಾಸೂರಿನಲ್ಲಿ ಕೂಲಿ ಮಾಡುತ್ತಿದ್ದ ಅವ್ವ ನನ್ನನ್ನು ಕಾಲೇಜಿಗೆ ಸೇರಿಸಿದಾಗ. ನಮ್ಮ ಮನೆತನದಲ್ಲಿ ಪದವಿ ಪಡೆದ ಮೊದಲನೆಯವಳು ನಾನು, ಹೆಮ್ಮೆಯಿಂದಲೇ ಹೇಳುತ್ತೇನೆ. ಎರಡನೆಯ ಸಲ, ಸವಣೂರಿನ ಅವರ ವೀಳ್ಯದೆಲೆ ತೋಟದ ಬಾವಿ ದಂಡೆಯ ಮೇಲೆ. ಆಗ ನಾನು ಶಿಗ್ಗಾಂವದ ಕಾಲೇಜೊಂದರ ಪ್ರಯೋಗಾಲಯದಲ್ಲಿ ಸಂಶೋಧನಾ ಸಹಾಯಕಿ.

ಪಂಪಿನ ಎಂಜಿನ್ ಸೋರಿ ಬಾವಿಯ ನೀರಿನ ಮೇಲೆ ಡೀಸೆಲ್ ಹರಡಿತ್ತು. ಎಂಜಿನ್ ತೆಗೆಸಿದರೂ ಪದರ ಹೋಗಲಿಲ್ಲ. ಬಳ್ಳಿಗೆ ಬೇರೆ ನೀರಿರಲಿಲ್ಲ. ಆ ನೀರಿನಲ್ಲಿ ತೊಳೆದ ಎಲೆಯನ್ನು ವ್ಯಾಪಾರಿಗಳು ಮೂಸಿ ನೋಡಿ ಹಿಂದಕ್ಕೆ ಕೊಡುತ್ತಿದ್ದರು. ಮಾವ ತೋಟವನ್ನೇ ಕಿತ್ತುಹಾಕುವ ಯೋಚನೆಯಲ್ಲಿದ್ದರು.

ನಾನು ತಯಾರಿಸುತ್ತಿದ್ದುದು ಏರೋಜೆಲ್, ದ್ರವ ಹೀರುವ ಹಗುರ ಸ್ಪಂಜಿನಂಥ ವಸ್ತು. ಗೋವಿನಜೋಳದ ದಂಟನ್ನು ಕ್ಷಾರದಲ್ಲಿ ಬೇಯಿಸಿ ಸೆಲ್ಯುಲೋಸ್, ಅಂದರೆ ಅದರ ನಾರಿನಂಶ, ಬೇರ್ಪಡಿಸುತ್ತೇವೆ. ಅದನ್ನು ಗಂಜಿಯಂತೆ ಕದಡಿ, ಹೆಪ್ಪುಗಟ್ಟಿಸಿ, ಗಾಳಿ ತೆಗೆದ ಪೆಟ್ಟಿಗೆಯಲ್ಲಿ ಒಣಗಿಸುತ್ತೇವೆ. ಮಂಜುಗಡ್ಡೆ ಕರಗದೆ ನೇರವಾಗಿ ಆವಿಯಾಗುತ್ತದೆ. ಅದಿದ್ದ ಜಾಗವೆಲ್ಲ ಟೊಳ್ಳಾಗಿ ಉಳಿಯುತ್ತದೆ. ಕೈಯಲ್ಲಿ ಹಿಡಿದರೆ ಭಾರವೇ ತಿಳಿಯದು.

ಡೀಸೆಲ್ ಹೀರಲೆಂದು ಮೊದಲ ತುಂಡನ್ನು ಬಾವಿಗೆ ಬಿಟ್ಟೆ. ಸೆಲ್ಯುಲೋಸಿಗೆ ನೀರೆಂದರೆ ಪ್ರೀತಿ. ಡೀಸೆಲನ್ನು ಬಿಟ್ಟು ನೀರನ್ನೇ ಕುಡಿದು ಮುಳುಗಿತು.

“ನಿನ್ನ ದಂಟಿಗೆ ನಮ್ಮ ಬಳ್ಳಿಗಿಂತ ನೀರಡಿಕಿ ಆಗೇತಲ್ಲ, ನೀಲವ್ವಾ!” ಎಂದರು ಮಾವ. “ಇದು ಆಗೂ ಮಾತಲ್ಲ, ಬಿಡು.”

ಪ್ರಯೋಗಾಲಯಕ್ಕೆ ಮರಳಿ ಹೊಸ ತುಂಡುಗಳಿಗೆ ಸಿಲೇನ್ ಎಂಬ ರಾಸಾಯನಿಕದ ಆವಿ ಹಿಡಿಸಿದೆ. ಆಗ ಅವು ನೀರನ್ನು ಒಲ್ಲೆನ್ನುತ್ತವೆ, ಎಣ್ಣೆಯನ್ನಷ್ಟೇ ಹೀರುತ್ತವೆ. ಎಷ್ಟೋ ತುಂಡುಗಳು ಬಿರುಕುಬಿಟ್ಟವು. ಉಳಿದವನ್ನು ಬಲೆಚೀಲದಲ್ಲಿ ಕಟ್ಟಿ ಬಾವಿಗೆ ಇಳಿಬಿಟ್ಟೆ. ಈ ಸಲ ತೇಲಿದವು. ಬೆಳ್ಳಗಿದ್ದವು ನಿಧಾನವಾಗಿ ಹಳದಿಗೆ ತಿರುಗಿದವು.

ಮಾವ ತಾವೇ ಚೀಲ ಎಳೆದು, ದಂಡೆಯ ಮೇಲೇ ಹಿಂಡಲು ಹೊರಟರು.

“ಅಲ್ಲಿ ಬ್ಯಾಡ್ರಿ ಮಾವಾ, ಮತ್ತ ಬಾವಿಗೇ ಇಳೀತೈತಿ. ಡಬ್ಬ್ಯಾಗ ಹಿಂಡ್ರಿ.”

“ಹಂಗಾರ ಈ ಹೊಲಸಿಗೂ ಒಂದು ಮನಿ ನೋಡಬೇಕನ್ನು!”

ನೀರಿನಿಂದ ತೆಗೆದದ್ದಕ್ಕೆ ಒಂದು ಜಾಗ ಸಿಗುವವರೆಗೆ ನೀರು ಶುದ್ಧವಾಯಿತೆಂದು ನಾನು ಇಂದಿಗೂ ಬರೆದುಕೊಡುವುದಿಲ್ಲ. ಈ ಕೆಲಸ ನನಗೆ ಕಲಿಸಿದ್ದು ಅದನ್ನೇ.

ಡಬ್ಬಿಗೆ ಹಿಂಡಿದ ಡೀಸೆಲನ್ನು ಹಳೆ ಎಣ್ಣೆ ಸಂಗ್ರಹಿಸುವವರಿಗೆ ಕೊಟ್ಟೆವು. ಪದರ ಹೋದರೂ ನೀರಿನಲ್ಲಿ ಕರಗಿದ ಅಂಶ ಉಳಿದಿತ್ತು. ನೀರನ್ನು ಹೊರಗೆತ್ತಿ ಇದ್ದಿಲಿನಲ್ಲಿ ಸೋಸಿದೆವು. ಹೊಸ ಸೆಲೆಯ ನೀರು ತುಂಬಿದ ಮೇಲೆ ಪರೀಕ್ಷೆಗೆ ಕಳಿಸಿದೆವು. ಬಳಕೆಗೆ ಯೋಗ್ಯ ಎಂಬ ಪ್ರಮಾಣಪತ್ರ ಬಂತು. ಅವ್ವನನ್ನೂ ಕರೆದುಕೊಂಡು ತೋಟಕ್ಕೆ ಹೋಗಿ ಮಾವನ ಕೈಗೆ ಕೊಟ್ಟೆ. ಅವರು ಅದನ್ನು ಹೊರಳಿಸಿ ನೋಡಿ ನನಗೇ ಮರಳಿಸಿದರು.

“ಮೊದಲ ನಿಮ್ಮವ್ವಗ ಓದಿ ಹೇಳು. ನಿನ್ನ ಕಾಲೇಜಿಗೆ ಹಚ್ಚಿದಾಕಿ ಅಕಿ. ಬ್ಯಾಡ ಅಂದಾಂವ ನಾನು.”