ಗೀತಾ ನನಗೊಬ್ಬಳಿಗೇ ಹೇಳಿದ್ದ ಮಾತು

ಹೋದ ವರ್ಷ ದಸರಾ ರಜೆ ಮುಗಿದ ಮೇಲಿನ ಮೊದಲ ಭಾನುವಾರ. ಚಂದ್ರಾ ಲೇಔಟಿನ ಒಂದು ಶಾಲೆಯ ಹಾಲ್‌ನಲ್ಲಿ ನಮ್ಮ ಹವ್ಯಾಸಿ ತಂಡದ ತಾಲೀಮು ನಡೀತಿತ್ತು. ಕೈಯಲ್ಲಿ ಬರೆದ ನಾಟಕ ಇರಲಿಲ್ಲ. ನಿರ್ದೇಶಕರು ಒಂದು ಸನ್ನಿವೇಶ ಕೊಡೋರು, ನಾವು ಅಲ್ಲೇ ಹೊಳೆದದ್ದನ್ನ ಆಡಬೇಕು. ಚೆನ್ನಾಗಿ ಬಂದ ಮಾತನ್ನ ಅವರು ಬರ್ಕೊಂಡು ನಾಟಕಕ್ಕೆ ಸೇರಿಸೋರು. ಅವರದ್ದು ಒಂದೇ ರೂಲ್ಸು: ಎದುರಿಗಿರೋರು ಏನೇ ಅಂದ್ರೂ "ಇಲ್ಲ, ಹಾಗಾಗಿಲ್ಲ" ಅನ್ನೋ ಹಾಗಿಲ್ಲ. ಒಪ್ಕೊಂಡು ಮುಂದುವರಿಸಬೇಕು.

ಅವತ್ತಿನ ಸನ್ನಿವೇಶ ಇಷ್ಟು. ಕೆಂಗೇರಿ ಕಡೆಯ ಒಂದು ಮನೆ, ಯಜಮಾನರ ತಿಥಿ ಮುಗಿದಿದೆ, ನೆಂಟರೆಲ್ಲ ಕೂತಿದ್ದಾರೆ. ಅವರ ಮುಂದೆಯೇ ತಾಯಿ, ಮಗಳು ಜಗಳಕ್ಕೆ ಬೀಳ್ತಾರೆ. ತಾಯಿ ನಾನು, ಮಗಳು ಗೀತಾ. ಗೀತಾ ಬಸವೇಶ್ವರನಗರದಲ್ಲಿ ಟೀಚರ್, ನನಗಿಂತ ಹದಿನೈದು ವರ್ಷ ಚಿಕ್ಕವಳು. ತಂಡಕ್ಕೆ ಸೇರಿದ ದಿನದಿಂದ "ವಿಮಲಕ್ಕ, ವಿಮಲಕ್ಕ" ಅಂತ ನನ್ನನ್ನ ಹಚ್ಕೊಂಡಿದ್ದಳು.

ಸೀನ್ ಎಳೀತಾನೇ ಇತ್ತು, ಮೇಲೇಳ್ತಿರಲಿಲ್ಲ. ನಿರ್ದೇಶಕ ಸಾರ್ ಆಕಳಿಸಿದ್ರು. ನನಗೆ ಉರಿದುಹೋಯ್ತು. ಇಪ್ಪತ್ತು ವರ್ಷದಿಂದ ನಾಟಕ ಮಾಡೋಳು ನಾನು, ನನ್ನ ಸೀನಿಗೆ ಆಕಳಿಕೇನಾ? ತಟ್ಟನೆ ಅಂದುಬಿಟ್ಟೆ: "ಸಾಯೋ ದಿನ ನಿಮ್ಮಪ್ಪ ಮೂರು ಸಲ ಫೋನ್ ಮಾಡಿದ್ರಲ್ಲೇ! ಮೂರು ಸಲಾನೂ ಕಟ್ ಮಾಡಿದೆಯಲ್ಲೇ!"

ಅದು ನನಗೆ ಹೊಳೆದ ಮಾತಲ್ಲ. ಗೀತಾಳ ಅಪ್ಪ ತೀರಿಕೊಂಡ ದಿನ ನಿಜವಾಗಿ ನಡೆದದ್ದು. ತಾಲೀಮಿನಲ್ಲಿದ್ದೀನಿ ಅಂತ ಅಪ್ಪನ ಫೋನ್ ಕಟ್ ಮಾಡಿದ್ದಳು. ಗಂಡನಿಗೂ ಹೇಳಿರಲಿಲ್ಲ. ವಿಜಯನಗರ ಮೆಟ್ರೋ ಮೆಟ್ಟಿಲ ಮೇಲೆ ಕೂತು ಅಳ್ತಾ ನನಗೊಬ್ಬಳಿಗೇ ಹೇಳಿದ್ದಳು.

ಅವಳ ಮುಖ ಬಿಳಿಚಿಕೊಳ್ತು. ಆದ್ರೆ ರೂಲ್ಸ್ ಇತ್ತಲ್ಲ, ಇಲ್ಲ ಅನ್ನೋ ಹಾಗಿಲ್ಲ. "ಹೌದಮ್ಮ, ಕಟ್ ಮಾಡಿದೆ" ಅಂದಳು. ಹಾಲ್ ತುಂಬ ಚಪ್ಪಾಳೆ. "ಸೂಪರ್! ಇದು ಇರ್ಲಿ" ಅಂತ ಸಾರ್ ಬರ್ಕೊಂಡೇಬಿಟ್ರು.

ಬಸ್ ಸ್ಟಾಪಿನಲ್ಲಿ ಅವಳ ಪಕ್ಕ ನಿಂತು "ಹಾಗೇ ಬಾಯಿಗೆ ಬಂದ್ಬಿಡ್ತು ಕಣೇ" ಅಂದೆ. ಅದೂ ಸುಳ್ಳು, ಚಪ್ಪಾಳೆ ಬೇಕಿತ್ತು ನನಗೆ. "ಪರವಾಗಿಲ್ಲ ಮೇಡಂ, ಸೀನ್ ಚೆನ್ನಾಗಿ ಬಂತಲ್ಲ" ಅಂದಳು. ಅಕ್ಕ ಹೋಗಿ ಮೇಡಂ ಬಂದಿತ್ತು.

ಮುಂದಿನ ವಾರ ಸಾರ್ ಹತ್ರ ಹೋಗಿ ಆ ಮಾತು ತೆಗೆದುಬಿಡಿ ಅಂದೆ. "ಯಾಕೆ ವಿಮಲಾ ಅವರೇ? ನಾಟಕದ ಜೀವವೇ ಅದು" ಅಂದ್ರು. ಕಾರಣ ಹೇಳಿದ್ರೆ ಅವಳ ಗುಟ್ಟು ಪೂರ್ತಿ ಬಯಲಾಗುತ್ತೆ. ಬಾಯಿ ಮುಚ್ಕೊಂಡು ಬಂದೆ. ಮುಚ್ಚಬೇಕಾದಾಗ ಮುಚ್ಚಲಿಲ್ಲ ನೋಡಿ, ಹಾಳು ಬಾಯಿ.

ಪ್ರದರ್ಶನದ ದಿನ ಅದೇ ಮಾತು ಅಂದೆ. ಗೀತಾ ಬರೆದಿಟ್ಟ ಉತ್ತರ ಹೇಳಲಿಲ್ಲ. ನನ್ನನ್ನೇ ನೋಡ್ತಾ, "ಇದನ್ನ ನಂಬಿ ನಿಂಗೊಬ್ಬಳಿಗೇ ಹೇಳಿದ್ದೆ. ಎಲ್ಲರ ಮುಂದೆ ಆಡಿಬಿಟ್ಟೆಯಲ್ಲ" ಅಂದಳು.

ಈಗ ಇಲ್ಲ ಅನ್ನೋ ಹಾಗಿಲ್ಲದವಳು ನಾನು. "ಹೌದು ಕಣೇ. ತಪ್ಪಾಯ್ತು" ಅಂದೆ. ಅಳು ತಡೆಯೋಕಾಗಲಿಲ್ಲ. ಜನ ಚಪ್ಪಾಳೆ ತಟ್ಟಿದ್ರು.

ಏನ್ ಆಕ್ಟಿಂಗ್ ರೀ ನಿಮ್ದು ಅಂತ ಪಕ್ಕದ ಮನೆಯವರು ಇವತ್ತಿಗೂ ಹೊಗಳ್ತಾರೆ. ಕೇಳಿದಾಗಲೆಲ್ಲ ನಾಚಿಕೆಯಿಂದ ತಲೆ ತಗ್ಗಿಸ್ತೀನಿ. ಗೀತಾಳ ಮನೆ ನಮ್ಮ ಮನೆಯಿಂದ ಎರಡೇ ಸ್ಟಾಪು. ಅಷ್ಟು ಜನರೆದುರು ಅಂದ "ತಪ್ಪಾಯ್ತು" ಅನ್ನೋ ಆ ಒಂದು ಮಾತನ್ನ ಅವಳ ಬಾಗಿಲಲ್ಲಿ ನಿಂತು ಅವಳೊಬ್ಬಳಿಗೇ ಹೇಳಬೇಕು. ನನಗಿನ್ನೂ ಕಾಲೇ ಏಳ್ತಿಲ್ಲ.